ಮರಿಯ ತಟ್ಟೆಯಲ್ಲಿ ಸಿಕ್ಕ ಹಲ್ಲು

ನಮ್ಮ ಬೀದಿಯವರು ಮೆತ್ತಕ್ಕನನ್ನು ಮೊದಲ ಸಲ ಕಂಡದ್ದು ಒಂದು ಬುಧವಾರದ ಬೆಳಗ್ಗೆ. ಹಲ್ಲಿನ ಸೆಟ್ಟು ಮಾಡುವವನ ಮನೆಯ ಮುಂದೆ ಬಾಡಿಗೆ ಕಾರೊಂದು ಬಂದು ನಿಂತಿತು. ಮೊದಲು ಒಂದು ಸೂಟ್‌ಕೇಸು ಇಳಿಯಿತು, ಅನಂತರ ಹಗ್ಗ ಬಿಗಿದ ಹಾಸಿಗೆ, ಕೊನೆಗೆ ಅರವತ್ತರ ಆಸುಪಾಸಿನ ಒಬ್ಬ ಹೆಂಗಸು. ಆಕೆಯ ಕಂಕುಳಲ್ಲಿ, ಹಸುಗೂಸನ್ನು ಎತ್ತಿಕೊಂಡಂತೆ, ಬಟ್ಟೆ ಸುತ್ತಿದ ಒಂದು ಉಕ್ಕಿನ ಜರಡಿಯಿತ್ತು.

"ಅದನ್ನೂ ಡಿಕ್ಕಿಗೆ ಹಾಕಬಹುದಿತ್ತಲ್ಲಮ್ಮ, ದಾರಿಯುದ್ದಕ್ಕೂ ತೊಡೆ ಮೇಲೆ ಇಟ್ಕೊಂಡು ಬಂದ್ರಿ" ಎಂದ ಕಾರಿನವನು.

"ಸೂಟ್‌ಕೇಸು ಜಜ್ಜಿದ್ರೆ ನನ್ನ ಸೀರೆ ಸುಕ್ಕಾಗುತ್ತೆ, ಅಷ್ಟೇ. ಇದು ಜಜ್ಜಿದ್ರೆ ಯಾರದೋ ಗಂಟಲಲ್ಲಿ ಅಗುಳು ಸಿಕ್ಕೊಳ್ಳುತ್ತೆ" ಎಂದು ಮೆತ್ತಕ್ಕ ಒಳಗೆ ನಡೆದರು.

ಕಾರಿನವನಿಗೆ ಅದು ಅರ್ಥವಾದಂತೆ ಕಾಣಲಿಲ್ಲ. ಬೀದಿಗೆ ಮಾತ್ರ ವಾರದೊಳಗೆ ಎಲ್ಲವೂ ತಿಳಿಯಿತು. ಮೆತ್ತಕ್ಕ ದೊಡ್ಡ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಉರಿಯುವ ಒಲೆಗಳ ಸಾಲಿನಿಂದ ದೂರ, ಕಿಟಕಿಯ ಕೆಳಗೆ ಅವರದೊಂದು ಪ್ರತ್ಯೇಕ ಮೇಜು. ದವಡೆ ಮುರಿದವರು, ಗಂಟಲಿಗೆ ಶಸ್ತ್ರಚಿಕಿತ್ಸೆಯಾದವರು, ಪಾರ್ಶ್ವವಾಯು ಬಡಿದು ನುಂಗುವುದನ್ನೇ ಮರೆತವರು, ಇಂಥವರ ಊಟ ಆ ಮೇಜಿನಿಂದ ಹೊರಡಬೇಕು. ಬೇಯಿಸಿದ್ದನ್ನು ಅರೆಯುವುದು, ಅರೆದದ್ದನ್ನು ಜರಡಿಯಲ್ಲಿ ಸೋಸುವುದು, ಸೋಸಿದ್ದನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿ ನೋಡುವುದು. ಬೆರಳಿಗೆ ಒಂದು ಕಣ ಸಿಕ್ಕರೂ ಇಡೀ ಪಾತ್ರೆ ಮತ್ತೆ ಜರಡಿಗೆ. "ಬೆರಳಿಗೆ ಸಿಕ್ಕಿದ್ದು ಗಂಟಲಿಗೂ ಸಿಗುತ್ತೆ" ಎನ್ನುವುದು ಅವರ ಮಾತು. ಮೆತ್ತಗಿನ ಊಟದ ಅಕ್ಕ ಎಂದು ದಾದಿಯರು ಕರೆಯತೊಡಗಿ, ಅದು ಸವೆದು ಸವೆದು ಮೆತ್ತಕ್ಕ ಎಂದಾಯಿತು. ಮಾತು ಮಾತ್ರ ಮೆತ್ತಗಿರಲಿಲ್ಲ. "ಅಕ್ಕಾ, ಮಾತನ್ನೂ ಒಂದ್ಸಲ ಆ ಜರಡೀಲಿ ಹಾಕಿ ಕೊಡಬಾರದಾ" ಎಂದು ಆ ಹುಡುಗಿಯರು ಕಾಲೆಳೆಯುತ್ತಿದ್ದರು.

ನಿವೃತ್ತಿಯ ದಿನ ಆಸ್ಪತ್ರೆಯ ವಸತಿಗೃಹದ ಬೀಗದ ಕೈಯನ್ನು ಹಿಂದಿರುಗಿಸಿದ ಮೇಲೆ ಅವರಿಗೆ ಉಳಿದಿದ್ದ ಒಂದೇ ಮನೆಯೆಂದರೆ ತಮ್ಮನದು. ಮದುವೆಯ ಮಾತು ಬಂದಾಗಲೆಲ್ಲ "ನನಗೊಬ್ಬ ಮಗ ಇದ್ದಾನಲ್ಲ" ಎಂದು ಅದೇ ತಮ್ಮನನ್ನು ತೋರಿಸಿ ಬಾಯಿ ಮುಚ್ಚಿಸಿದವರು ಅವರು. ತಾಯಿ ಹೋದಾಗ ಅವರಿಗೆ ಒಂಬತ್ತು ವರ್ಷ, ಅವನಿಗೆ ಮೂರು. ತಂದೆ ಬೆಳಗ್ಗೆ ಕೆಲಸಕ್ಕೆ ಹೋದರೆ ಕತ್ತಲಾದ ಮೇಲೆಯೇ ಮನೆ ಸೇರುತ್ತಿದ್ದುದು. ನಡುವಿನ ಹೊತ್ತಿನಲ್ಲಿ ಆ ಮಗುವಿಗೆ ಉಣಿಸಿ, ತೊಳೆದು, ಮಲಗಿಸಿದ್ದು ಒಂಬತ್ತರ ಈ ಹುಡುಗಿ. ತಮ್ಮನ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. "ಬಂದುಬಿಡು ಅಕ್ಕ, ಹಿಂದಿನ ಕೋಣೆ ಖಾಲಿಯೇ ಇದೆ" ಎಂದಿದ್ದ. ಆ ಒಂದು ಮಾತನ್ನು ನಂಬಿ ಬಂದಿದ್ದರು. ಬೇರೆ ಬಾಗಿಲಿರಲಿಲ್ಲ.

ಮುಂದಿನ ಕೋಣೆ ತಮ್ಮನ ಕಾರ್ಯಾಗಾರ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳುಹಿಸುತ್ತಾರೆ. ಅವನು ಅದಕ್ಕೆ ಪ್ಲಾಸ್ಟರ್ ಎರೆದು ದವಡೆಯನ್ನು ಎಬ್ಬಿಸಿ, ಗುಲಾಬಿ ಬಣ್ಣದ ಮೇಣದ ಮೇಲೆ ಒಂದೊಂದೇ ಹಲ್ಲನ್ನು ಕೂರಿಸುತ್ತಾನೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಿಳಿಯ ದವಡೆಗಳ ಸಾಲು, ಒಂದೊಂದಕ್ಕೂ ಒಂದು ಚೀಟಿ. ಅವನ ಸ್ವಂತ ಬಾಯಲ್ಲೂ ಮೂವತ್ತೆರಡನೆಯ ವಯಸ್ಸಿಗೆ ಒಂದು ಹಲ್ಲೂ ಉಳಿದಿರಲಿಲ್ಲ. ತನ್ನ ಸೆಟ್ಟನ್ನು ತಾನೇ ಮಾಡಿಕೊಂಡ. ನಮ್ಮ ಬೀದಿಯಲ್ಲಿ ಅವನಷ್ಟು ಅಚ್ಚುಕಟ್ಟಾಗಿ ನಗುವವರು ಯಾರೂ ಇರಲಿಲ್ಲ. ನಗುತ್ತಿದ್ದುದೇ ಅಪರೂಪ ಎನ್ನುವುದು ಬೇರೆ ಮಾತು. ಆ ಹಲ್ಲುಗಳು ಹೋದದ್ದೇಕೆ ಎಂದು ಅಕ್ಕ ಕೇಳಿರಲಿಲ್ಲ, ತಮ್ಮ ಹೇಳಿರಲಿಲ್ಲ. ಅಪ್ಪನಿಗೂ ಬೇಗನೆ ಬಿದ್ದಿದ್ದವು, ವಂಶದಲ್ಲೇ ಬಂದದ್ದು ಎಂದು ಮೆತ್ತಕ್ಕ ತಿಳಿದುಕೊಂಡಿದ್ದರು.

ಮೊದಲ ಆರು ತಿಂಗಳು ಮನೆ ನೆಮ್ಮದಿಯಾಗಿಯೇ ನಡೆಯಿತು. ಆಮೇಲೆ ನಾಯಿಮರಿ ಬಂತು.

ತಮ್ಮನಿಗೆ ಕೆಲಸ ಕೊಡುವ ದಂತವೈದ್ಯರ ಮನೆಯ ನಾಯಿ ಐದು ಮರಿ ಹಾಕಿತ್ತು. ಎಂಟು ವಾರ ತುಂಬಿದ ಒಂದನ್ನು, ಕಂದು ಬಣ್ಣದ್ದು, ಒಂದು ಕಿವಿ ಎದ್ದು ಒಂದು ಕಿವಿ ಬಿದ್ದದ್ದು, ಅವರು ಇವನ ಕೈಗಿತ್ತರು. ಅದೇ ಸಂಜೆ ಅಕ್ಕ ತಮ್ಮ ಇಬ್ಬರೂ ಸಾಕುಪ್ರಾಣಿಗಳ ಅಂಗಡಿಗೆ ಹೋದರು. ಅಲ್ಲಿ ಎದುರು ಬದುರಿಗೆ ಎರಡು ಕಪಾಟು. ಒಂದರಲ್ಲಿ ಒಣ ಕಾಳುಗಳ ಚೀಲಗಳು, ಇನ್ನೊಂದರಲ್ಲಿ ಮಾಂಸದ ಮುದ್ದೆ ತುಂಬಿದ ಡಬ್ಬಿಗಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ತಮ್ಮ ಚೀಲದ ಕಡೆಗೆ, ಅಕ್ಕ ಡಬ್ಬಿಯ ಕಡೆಗೆ ನಡೆದರು.

"ಅಷ್ಟು ಗಟ್ಟಿ ಕಾಳನ್ನ ಆ ಮಗು ನುಂಗುತ್ತೇನೋ?" ಎಂದರು ಮೆತ್ತಕ್ಕ.

"ನುಂಗೋದಲ್ಲ ಅಕ್ಕ, ಜಗಿಯೋದು. ಜಗಿಯದ ದವಡೆ ಸವೆದುಹೋಗುತ್ತೆ. ದಿನಾ ಕಣ್ಣಾರೆ ನೋಡ್ತೀನಿ ನಾನು."

"ನೀನು ನೋಡೋದು ಬೊಚ್ಚುಬಾಯಿಗಳನ್ನ. ಇದರ ಬಾಯಿ ಈಗ ತಾನೇ ಶುರುವಾಗಿದೆ."

ಅಂಗಡಿಯಾಕೆ ಇಬ್ಬರನ್ನೂ ನೋಡಿದಳು. "ನಾಯಿ ನಿಮ್ಮಿಬ್ಬರಲ್ಲಿ ಯಾರದು?"

"ನಂದು" ಎಂದರು ಇಬ್ಬರೂ ಒಟ್ಟಿಗೆ.

ಆಕೆ ನಗು ತಡೆದುಕೊಂಡು, ಒಣ ಕಾಳನ್ನೇ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿಟ್ಟು ಕೊಡಬಹುದು, ವಾರ ವಾರ ನೀರನ್ನು ಕಡಿಮೆ ಮಾಡುತ್ತ ಬಂದರಾಯಿತು, ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದಳು. ಒಳ್ಳೆಯ ಮಾತು. ಆದರೆ ಅದರಲ್ಲಿ ಅಕ್ಕನೂ ಗೆಲ್ಲುತ್ತಿರಲಿಲ್ಲ, ತಮ್ಮನೂ ಗೆಲ್ಲುತ್ತಿರಲಿಲ್ಲ. ಆದ್ದರಿಂದ ಇಬ್ಬರಿಗೂ ಹಿಡಿಸಲಿಲ್ಲ. ಚೀಲವನ್ನೂ ಕೊಂಡರು, ಡಬ್ಬಿಗಳನ್ನೂ ಕೊಂಡರು. ದಾರಿಯಲ್ಲಿ ಒಪ್ಪಂದವಾಯಿತು. ಬೆಳಗಿನ ಎರಡು ಹೊತ್ತು ಅಕ್ಕನ ತಟ್ಟೆ, ಮಧ್ಯಾಹ್ನದ ಮೇಲಿನ ಎರಡು ಹೊತ್ತು ತಮ್ಮನ ತಟ್ಟೆ. ಒಬ್ಬರ ತಟ್ಟೆಯನ್ನು ಇನ್ನೊಬ್ಬರು ಮುಟ್ಟಬಾರದು.

ಮೆತ್ತಕ್ಕನ ಜರಡಿ ಮತ್ತೆ ಗೋಡೆಯಿಂದ ಇಳಿಯಿತು. ಡಬ್ಬಿಯ ಮುದ್ದೆಯನ್ನು ಬಿಸಿನೀರಿನಲ್ಲಿ ಕಲಸಿ, ಸೋಸಿ, ಬೆರಳಲ್ಲಿ ಒತ್ತಿ ನೋಡಿ ಇಡುತ್ತಿದ್ದರು. ಡಬ್ಬಿಯ ಮುದ್ದೆಯನ್ನೂ ಸೋಸುವ ಮನೆ ಲೋಕದಲ್ಲಿ ಅದೊಂದೇ ಇದ್ದಿರಬೇಕು. ಮರಿ ಅದನ್ನು ಕಣ್ಣು ಮುಚ್ಚಿ ತೆರೆಯುವುದರೊಳಗೆ ನೆಕ್ಕಿ, ತಟ್ಟೆಯನ್ನು ಮೂಗಿನಿಂದ ತಳ್ಳುತ್ತ ಅಡುಗೆಮನೆಯ ಆ ತುದಿಯವರೆಗೆ ಹೋಗುತ್ತಿತ್ತು. ಸಂಜೆಯ ಕಾಳನ್ನು ಮಾತ್ರ ಒಂದೊಂದಾಗಿ ಕಚ್ಚಿಕೊಂಡು ಕಾರ್ಯಾಗಾರದ ಮೇಜಿನ ಕೆಳಗೆ ಒಯ್ದು, ಪ್ಲಾಸ್ಟರ್ ಪುಡಿಯ ನಡುವೆ ಕುಳಿತು ಕಟಕಟನೆ ಕಡಿಯುತ್ತಿತ್ತು. ಆ ಸದ್ದು ಕೇಳಿದರೆ ತಮ್ಮನ ಮುಖ ಅರಳುತ್ತಿತ್ತು. "ಕೇಳಿಸ್ತಾ ಅಕ್ಕ, ದವಡೆ ಕೆಲಸ ಮಾಡ್ತಿದೆ" ಎನ್ನುತ್ತಿದ್ದ. "ಕೇಳಿಸ್ತು. ಗಂಟಲಿಗೆ ಸಿಕ್ಕಾಗ ಕೇಳಿಸೋದಿಲ್ಲ, ನೆನಪಿರಲಿ" ಎನ್ನುವುದು ಒಳಗಿನಿಂದ ಬರುವ ಉತ್ತರ. ಎರಡು ತಿಂಗಳು ಹೀಗೆ ಮುಸುಕಿನ ಗುದ್ದಾಟದಲ್ಲೇ ಕಳೆಯಿತು. ಮರಿ ಇಬ್ಬರ ಊಟವನ್ನೂ ಉಂಡು ಗುಂಡಗಾಯಿತು.

ನಾಲ್ಕು ತಿಂಗಳು ತುಂಬಿದ ವಾರ. ಬೆಳಗ್ಗೆ ಹತ್ತರ ಹೊತ್ತು. ಮೆತ್ತಕ್ಕ ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದಾಗ ಒಳಗಿನಿಂದ ತಮ್ಮ ಕರೆದ. ಕಾರ್ಯಾಗಾರಕ್ಕೆ ಹೋಗಿ ನೋಡಿದರೆ ಪ್ಲಾಸ್ಟರ್ ಕಲಸುವ ಬಿಳಿಯ ಹಲಗೆಯ ನಡುವೆ ಅಕ್ಕಿಕಾಳಿನಷ್ಟು ಚಿಕ್ಕದೊಂದು ಹಲ್ಲು. ಪಕ್ಕದಲ್ಲಿ ಅವರದೇ ತಟ್ಟೆ. ತಳದಲ್ಲಿ ಉಳಿದಿದ್ದ ಮುದ್ದೆಗೆ ರಕ್ತದ ಎಳೆ ತಾಗಿತ್ತು.

"ಇದು ಎಲ್ಲಿ ಸಿಕ್ತು ಗೊತ್ತಾ? ನಿನ್ನ ತಟ್ಟೇಲಿ. ನನ್ನ ತಟ್ಟೇಲಲ್ಲ."

ಮೆತ್ತಕ್ಕನ ಕೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಬಗ್ಗಿ ನೋಡಿದರು. "ಹಾಲುಹಲ್ಲಿರಬಹುದೇನೋ."

"ಹಲ್ಲು ಬಂದು ಮೂರು ತಿಂಗಳಾಗಿಲ್ಲ, ಆಗಲೇ ಬೀಳೋ ಹಾಲುಹಲ್ಲು ಯಾವುದು? ಮಕ್ಕಳಿಗೆ ಆರು ವರ್ಷ ನಿಲ್ಲುತ್ತೆ. ಇಲ್ಲಿ ನೋಡು, ಬೇರೇ ಇಲ್ಲ. ಕರಗಿ ಹೋಗಿದೆ. ಕೆಲಸ ಇಲ್ಲದ ದವಡೆ ಬೇರನ್ನ ಹಿಡಿದಿಟ್ಟುಕೊಳ್ಳೋದಿಲ್ಲ ಅಂತ ಎಷ್ಟು ಸಲ ಹೇಳಿದೆ ನಿಂಗೆ?"

ಇಪ್ಪತ್ತೈದು ವರ್ಷ ಹಲ್ಲಿನ ನಡುವೆಯೇ ಬದುಕಿದವನು. ಆದರೆ ಅವನ ಬಾಗಿಲಿಗೆ ಬರುತ್ತಿದ್ದ ಬಾಯಿಗಳೆಲ್ಲ ಹಲ್ಲು ಹೋದವರವು. ಹೋದದ್ದು ಮತ್ತೆ ಬರುವ ಬಾಯಿಯೊಂದೂ ಆ ಹಲಗೆಗಳನ್ನು ಏರಿರಲಿಲ್ಲ. ಬಿದ್ದ ಹಲ್ಲೆಂದರೆ ಅವನ ಪಾಲಿಗೆ ಅಲ್ಲಿಗೆ ಮುಗಿಯಿತು. ಮೆತ್ತಕ್ಕನಿಗೋ, ಹಲ್ಲಿನ ಮಾತಿನಲ್ಲಿ ತಮ್ಮನದೇ ವೇದವಾಕ್ಯ. ಒಂದು ಸಲ ಹಾಲುಹಲ್ಲು ಎಂದವರು ಎರಡನೆಯ ಸಲ ಹೇಳುವ ಧೈರ್ಯ ಮಾಡಲಿಲ್ಲ.

"ಇವತ್ತಿಂದ ಜರಡಿ ಎತ್ತಿಡ್ತೀನಿ, ಆಯ್ತಾ?" ಎಂದರು.

ಅಷ್ಟಕ್ಕೇ ಅವನು ಸುಮ್ಮನಾಗಿದ್ದರೆ ಆಗುತ್ತಿತ್ತು. ಎಲುಬಿಲ್ಲದ ನಾಲಿಗೆ, ಒಮ್ಮೆ ಹೊರಟದ್ದು ನಿಲ್ಲಲಿಲ್ಲ.

"ಎತ್ತಿಡೋದಾದ್ರೆ ಐವತ್ತು ವರ್ಷದ ಹಿಂದೆ ಎತ್ತಿಡಬೇಕಿತ್ತು. ನನ್ನ ಬಾಯಿಗೂ ಇದನ್ನೇ ಮಾಡಿದ್ದು ನೀನು. ಆರು ವರ್ಷ ಆಗೋವರೆಗೂ ಹಿಸುಕಿ ಹಿಸುಕಿ ತಿನ್ನಿಸಿದೆ. ಓರಗೆಯ ಮಕ್ಕಳು ಕಬ್ಬು ಸಿಗಿದು ತಿಂತಿದ್ರೆ ನಾನು ಬಟ್ಟಲಲ್ಲಿ ನೆಕ್ಕುತ್ತಾ ಇದ್ದೆ. ಮೂವತ್ತೆರಡಕ್ಕೆ ಒಂದೂ ಉಳೀಲಿಲ್ಲ ನನಗೆ."

ಮೆತ್ತಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡರು. "ಆಗ ನನಗೆ ಒಂಬತ್ತು ವರ್ಷ ಕಣೋ."

"ಒಂಬತ್ತೋ ತೊಂಬತ್ತೋ. ಬಾಯಿ ನಂದು."

ಹೇಳಬೇಕಾದ ಒಂದು ಮಾತು ಆ ಗಳಿಗೆ ಮೆತ್ತಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ತಾಯಿ ಹೋದ ಒಂಬತ್ತನೆಯ ದಿನ, ಮೂರು ವರ್ಷದ ಆ ಮಗು ಬ್ರೆಡ್ಡಿನ ಅಂಚೊಂದನ್ನು ನುಂಗಲು ಹೋಗಿ ನೀಲಿಗಟ್ಟಿತ್ತು. ಮನೆಯಲ್ಲಿ ಬೇರೆ ನರಪಿಳ್ಳೆ ಇರಲಿಲ್ಲ. ಈ ಹುಡುಗಿ ಅದನ್ನು ಮೊಣಕಾಲ ಮೇಲೆ ಬೋರಲು ಹಾಕಿ, ಬಾಯೊಳಗೆ ಬೆರಳು ತೂರಿಸಿ ಆ ತುಂಡನ್ನು ಕಿತ್ತಿದ್ದಳು. ಉಸಿರು ಬಂದ ಮೇಲೆ ಮಗು ಅತ್ತಿತು. ಅದರ ಜೊತೆ ಅವಳೂ ಅತ್ತಳು. ಅಂದಿನಿಂದ ಶುರುವಾದದ್ದು ಹಿಸುಕುವುದು, ಅರೆಯುವುದು, ಬೆರಳಿನ ನಡುವೆ ಒತ್ತಿ ನೋಡುವುದು. ಆಸ್ಪತ್ರೆಯವರು ಯಾರೂ ಅದನ್ನು ಅವರಿಗೆ ಕಲಿಸಿರಲಿಲ್ಲ. ಆದರೆ ಸಾಕಿದವರು ಸಾಕಿದ್ದನ್ನು ಬಾಯಿಬಿಟ್ಟು ಹೇಳಿಕೊಂಡರೆ ಹಂಗಿಸಿದಂತೆ ಎಂದು ನಂಬಿದ ಕಾಲದವರು ಅವರು. ಬಂದ ಮಾತನ್ನು ನುಂಗಿದರು. ಅದು ಮೆತ್ತಗಿರಲಿಲ್ಲ.

ಆರು ದಿನ ಮನೆಯಲ್ಲಿ ಯಾವ ಪಾತ್ರೆಯಲ್ಲೂ ಮೆತ್ತಗಿನದು ಬೇಯಲಿಲ್ಲ. ಮರಿಗೆ ನಾಲ್ಕು ಹೊತ್ತೂ ಒಣ ಕಾಳು. ತಮ್ಮನ ಮುಂದೆ ಮೆತ್ತಕ್ಕ ಒಣ ಬ್ರೆಡ್ಡನ್ನು ತಟ್ಟೆಯಲ್ಲಿಟ್ಟು ಸರಿದುಹೋಗುತ್ತಿದ್ದರು. ಅವನು ಅದನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದ. ಅದ್ದುವಾಗ ತಲೆಯೆತ್ತುತ್ತಿರಲಿಲ್ಲ. "ಇರಬೇಕಾದವಳು ಇರು, ನಾನೇನು ಹೋಗು ಅಂದ್ನಾ" ಎಂದು ಒಮ್ಮೆ ಗೋಡೆಗೆ ಹೇಳುವಂತೆ ಹೇಳಿದ. ಇರು ಎನ್ನುವುದಕ್ಕೂ ಹೋಗು ಅನ್ನಲಿಲ್ಲ ಎನ್ನುವುದಕ್ಕೂ ಇರುವ ಅಂತರ ಮೆತ್ತಕ್ಕನಿಗೆ ತಿಳಿಯದ್ದೇನಲ್ಲ.

ಏಳನೆಯ ದಿನ ಬೆಳಗ್ಗೆ ಅದೇ ಸೂಟ್‌ಕೇಸು, ಅದೇ ಹಾಸಿಗೆ. ಜರಡಿಗೆ ಸುತ್ತಿದ್ದ ಬಟ್ಟೆ ಹರಿದಿತ್ತು. ಮೂಲೆಯಲ್ಲಿ ಬಿದ್ದಿದ್ದ ನಾಯಿಯ ಒಣ ಕಾಳಿನ ಖಾಲಿ ಚೀಲದಲ್ಲಿ ಅದನ್ನು ಹಾಕಿಕೊಂಡರು. ಕಾರ್ಯಾಗಾರದಲ್ಲಿ ಸೆಟ್ಟು ಉಜ್ಜುವ ಮೋಟಾರು ಗುಂಯ್ಗುಡುತ್ತಿತ್ತು. ಬಾಗಿಲಲ್ಲಿ ನಿಂತು "ಹೊರಟೆ" ಎಂದರು. ಮೋಟಾರು ನಿಲ್ಲಲಿಲ್ಲ. ಮರಿ ಮಾತ್ರ ಗೇಟಿನವರೆಗೆ ಬಂದು, ಚೀಲದ ವಾಸನೆ ಹಿಡಿದು, ತನಗೇ ಏನೋ ಕೊಡುತ್ತಾರೆಂದು ಬಾಲವಾಡಿಸಿತು.

ಆಸ್ಪತ್ರೆಯಲ್ಲಿ ಒಮ್ಮೆ ಜೊತೆಗಿದ್ದ ಅಡುಗೆಯಾಕೆಯೊಬ್ಬಳು ಈಗ ಒಂದು ವೃದ್ಧಾಶ್ರಮದ ಅಡುಗೆಮನೆಯನ್ನು ನೋಡಿಕೊಳ್ಳುತ್ತಿದ್ದಳು. "ಇಲ್ಲಿ ಮೂವತ್ತಾರು ಜನ, ಹಲ್ಲು ಮಾತ್ರ ಎಲ್ಲರದೂ ಸೇರಿ ನೂರೂ ಇಲ್ಲ. ನೀವು ಬಂದ್ರೆ ಪುಣ್ಯ ಬರುತ್ತೆ ಅಕ್ಕ" ಎಂದು ಉಗ್ರಾಣದ ಪಕ್ಕದ ಕೋಣೆಯನ್ನು ಬಿಡಿಸಿಕೊಟ್ಟಳು. ಮೆತ್ತಕ್ಕ ಆ ಮಧ್ಯಾಹ್ನ ಗಂಟು ಬಿಚ್ಚುತ್ತ ಕುಳಿತರು. ಜರಡಿಯನ್ನು ಹೊರತೆಗೆದು, ಖಾಲಿ ಚೀಲವನ್ನು ಮಡಿಸಲು ಹೋದಾಗ ಅದರ ಹಿಂಬದಿಯ ಸಣ್ಣಕ್ಷರಗಳು ಕಣ್ಣಿಗೆ ಬಿದ್ದವು. ಕನ್ನಡಕ ಹಾಕಿಕೊಂಡರು. ಎಷ್ಟು ತೂಕದ ಮರಿಗೆ ಎಷ್ಟು ಕಾಳು, ಯಾವ ವಾರ ಎಷ್ಟು ನೀರು. ಕೊನೆಯಲ್ಲಿ ಎರಡು ಸಾಲು: ನಾಲ್ಕನೆಯ ತಿಂಗಳಿನಿಂದ ಏಳನೆಯ ತಿಂಗಳವರೆಗೆ ಮರಿಗಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತವೆ, ವಸಡು ನೋಯುವ ಆ ದಿನಗಳಲ್ಲಿ ಕಾಳನ್ನು ನೆನೆಸಿ ಕೊಡುವುದು ಒಳ್ಳೆಯದು.

ಎರಡು ಸಲ ಓದಿದರು. ಈ ಚೀಲ ಎರಡು ತಿಂಗಳು ತಮ್ಮನ ಮೇಜಿನ ಕಾಲಿಗೇ ಒರಗಿ ನಿಂತಿತ್ತು.

ಅವನು ಬಂದದ್ದು ನಾಲ್ಕು ತಿಂಗಳಾದ ಮೇಲೆ, ಒಂದು ಭಾನುವಾರ. ಆಶ್ರಮದೊಳಗೆ ನಾಯಿಗೆ ಪ್ರವೇಶವಿಲ್ಲವೆಂದು ಗೇಟಿನ ಹೊರಗೇ ನಿಂತಿದ್ದ. ಮರಿ ಈಗ ಮರಿಯಲ್ಲ, ಮೊಣಕಾಲೆತ್ತರದ ನಾಯಿ. ಬಿದ್ದ ಕಿವಿಯೂ ಎದ್ದಿತ್ತು. ಮೆತ್ತಕ್ಕ ಸೆರಗಿಗೆ ಕೈಯೊರೆಸಿಕೊಳ್ಳುತ್ತ ಬಂದರು. ಅವನು ನಾಯಿಯ ತುಟಿಯನ್ನು ಎತ್ತಿ ತೋರಿಸಿದ.

"ನೋಡು ಅಕ್ಕ. ನಲವತ್ತೆರಡೂ ಬಂದಿವೆ. ಒಂದೂ ಸೊಟ್ಟ ಇಲ್ಲ."

"ನಿನ್ನ ಒಣ ಕಾಳಿನ ಮಹಿಮೆ" ಎಂದರು ಮೆತ್ತಕ್ಕ.

ಅವನು ಜೇಬಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ತೆರೆದ. ಹತ್ತಿಯ ಮೇಲೆ ಏಳು ಪುಟ್ಟ ಹಲ್ಲುಗಳನ್ನು, ಅವನ ಕೆಲಸದ ಅಭ್ಯಾಸದಂತೆ, ದವಡೆಯ ಆಕಾರದಲ್ಲಿ ಜೋಡಿಸಿದ್ದ. "ನೀನು ಹೋದ ಮೂರನೇ ದಿನ ನನ್ನ ತಟ್ಟೇಲೂ ಒಂದು ಸಿಕ್ತು. ಪಶುವೈದ್ಯರ ಹತ್ತಿರ ಹೋದೆ. ಅವರು ನಕ್ಕುಬಿಟ್ರು."

"ಮೂರನೇ ದಿನವೇ ಗೊತ್ತಾಯ್ತಾ?"

"ಹೂಂ."

"ಮತ್ತೆ ಇಷ್ಟು ದಿನ?"

ಅವನು ಪೊಟ್ಟಣವನ್ನು ಮುಚ್ಚಿದ, ಮತ್ತೆ ತೆರೆದ. "ಹಲ್ಲು ಮಾಡೋನು ಹಲ್ಲಿನಲ್ಲೇ ತಪ್ಪು ಮಾಡಿದೆ ಅಂತ ಯಾವ ಬಾಯಲ್ಲಿ ಹೇಳಲಿ ಅಕ್ಕ?"

"ಬಾಯಿ ನಿಂದೇ ಅಲ್ವಾ. ಅವತ್ತು ಹಾಗಂದೆಯಲ್ಲ."

ಮೆತ್ತಕ್ಕ ಗೇಟಿನ ಸರಳುಗಳನ್ನು ಹಿಡಿದುಕೊಂಡು, ಐವತ್ತು ವರ್ಷದಿಂದ ಹೇಳದೆ ಇದ್ದದ್ದನ್ನು ಆಗ ಹೇಳಿದರು. ಬ್ರೆಡ್ಡಿನ ಅಂಚು, ನೀಲಿಗಟ್ಟಿದ ಮುಖ, ಬಾಯೊಳಗೆ ಹೋದ ಬೆರಳು. ಹೆಚ್ಚು ಮಾತಾಡಲಿಲ್ಲ, ನಾಲ್ಕೈದು ವಾಕ್ಯ. ಆಮೇಲೆ ಕೇಳಿದರು.

"ನಾಯಿಯ ಹಲ್ಲು ನನ್ನಿಂದ ಬೀಳಲಿಲ್ಲ ಅಂತ ಗೊತ್ತಾಯ್ತಲ್ಲ. ನಿನ್ನ ಹಲ್ಲು?"

ನಾಯಿ ಅವರಿಬ್ಬರ ಮುಖವನ್ನೂ ನೋಡಿ ಕುಳಿತುಕೊಂಡಿತು. ತಮ್ಮ ಪೊಟ್ಟಣವನ್ನು ಜೇಬಿಗಿಟ್ಟುಕೊಂಡ. "ಅದು ಬೇರೆ ಅಕ್ಕ" ಎಂದ. ಆಮೇಲೆ, "ನೀನು ಹೇಳಿದ್ದು ನನಗೆ ನೆನಪಿಲ್ಲ" ಎಂದ. ಸುಳ್ಳಲ್ಲ, ಮೂರು ವರ್ಷದ ಮಗುವಿಗೆ ಯಾವುದು ನೆನಪಿರುತ್ತದೆ. ಬಟ್ಟಲು ನೆಕ್ಕಿದ್ದು ಮಾತ್ರ ಅವನಿಗೆ ನೆನಪಿತ್ತು. "ಹಿಂದಿನ ಕೋಣೆ ಹಾಗೇ ಇದೆ" ಎಂದೂ ಹೇಳಿದ. ಮೆತ್ತಕ್ಕ ಸರಳುಗಳ ನಡುವಿನಿಂದ ನಾಯಿಯ ತಲೆ ಸವರಿ ಅಡುಗೆಮನೆಗೆ ಹಿಂದಿರುಗಿದರು.

ಆ ಮೇಲೆಯೂ ಅವನು ತಿಂಗಳಿಗೊಮ್ಮೆ ಭಾನುವಾರ ಬರುತ್ತಾನೆ. ಮೆತ್ತಕ್ಕ ಮಡಿಲಿನಲ್ಲಿ ಒಣ ಕಾಳಿಟ್ಟುಕೊಂಡು ಬಂದು ಸರಳುಗಳ ನಡುವಿನಿಂದ ನಾಯಿಗೆ ಒಂದೊಂದಾಗಿ ಕೊಡುತ್ತಾರೆ. ಅದು ಕಟಕಟನೆ ಕಡಿಯುವುದನ್ನು ಕೇಳುತ್ತ ನಿಲ್ಲುತ್ತಾರೆ. ತಮ್ಮನ ದವಡೆ ಸವೆದು ಸೆಟ್ಟು ಸಡಿಲವಾಗಿದೆ, ಮಾತಾಡುವಾಗ ಒಳಗೇ ಕಟ್ಟೆಂದು ಬಡಿಯುತ್ತದೆ, ಕೆನ್ನೆ ಒಳಕ್ಕೆ ಹೋಗಿದೆ. ಮೆತ್ತಕ್ಕನಿಗೆ ಅದು ಕಾಣುತ್ತದೆ. ಊಟ ಆಯಿತೇ ಎಂದು ಕೇಳುವುದಿಲ್ಲ.

ಒಳಗೆ ಜರಡಿಯ ಕೆಲಸ ಎಂದಿನಂತೆ ನಡೆದಿದೆ. ಒಂದು ಬದಲಾವಣೆ ಮಾತ್ರ ಆಗಿದೆ. ಸೋಸಿದ ತಟ್ಟೆಯನ್ನು ಮುಂದಿಡುವ ಮೊದಲು ಮೆತ್ತಕ್ಕ ಒಬ್ಬೊಬ್ಬರನ್ನೂ ಕೇಳುತ್ತಾರೆ, ದಿನವೂ, ಎರಡು ಹೊತ್ತೂ.

"ಅಜ್ಜಾ, ನಿಮಗೆ ಜಗಿಯೋಕೆ ಆಗೋದಿಲ್ಲ, ಅಲ್ವಾ?"

ಮೊನ್ನೆ ಕಿಟಕಿಯ ಪಕ್ಕದ ಮುದುಕ ರೇಗಿದ. ತನ್ನ ಬೊಚ್ಚುಬಾಯನ್ನು ಅಗಲಿಸಿ ತೋರಿಸಿ, "ಕಾಣಿಸೋದಿಲ್ವೇನಮ್ಮ ನಿಂಗೆ?" ಎಂದ.

"ಕಾಣಿಸುತ್ತೆ" ಎಂದರು ಮೆತ್ತಕ್ಕ, ತಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು. "ಆದ್ರೂ ನಿಮ್ಮ ಬಾಯಲ್ಲೇ ಹೇಳಿಬಿಡಿ."